ಮಾನಿಟರ್ ಕೊಳ್ಳುವ ಮುನ್ನ ಪ್ಯಾನಲ್ ಯಾವುದೆಂದು ಕೇಳಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಯಾವ ಊರಿನ ಕಂಪ್ಯೂಟರ್ ಅಂಗಡಿಗೆ ಹೋದರೂ ಗಿರಾಕಿ ಮೊದಲು ಕೇಳುವುದು ಎಷ್ಟು ಇಂಚು ಅಂತ, ಆಮೇಲೆ ರೇಟು. ಪ್ಯಾನಲ್ ಯಾವುದೆಂದು ಕೇಳುವವರು ಕಡಿಮೆ. ವರ್ಷಗಟ್ಟಲೆ ದಿನವಿಡೀ ನೋಡಬೇಕಾದ ಪರದೆಯ ಗುಣ ತೀರ್ಮಾನವಾಗುವುದು ಮಾತ್ರ ಅಲ್ಲಿಯೇ.

‘ಎಲ್‌ಸಿಡಿ ಹಳೇದು, ಎಲ್‌ಇಡಿ ಕೊಡಿ’ ಎನ್ನುವ ಮಾತಿನಿಂದಲೇ ಶುರು ಮಾಡೋಣ. ಎಲ್‌ಇಡಿ ಮಾನಿಟರ್ ಎಂದು ಮಾರುವುದೂ ಎಲ್‌ಸಿಡಿಯನ್ನೇ. ಅದರೊಳಗಿನ ದ್ರವಸ್ಫಟಿಕದ ಪದರಕ್ಕೆ ಸ್ವಂತ ಬೆಳಕಿಲ್ಲ. ಹಿಂದಿನಿಂದ ಬರುವ ಬೆಳಕನ್ನು ಬೇಕಾದಷ್ಟು ಬಿಟ್ಟು ಮಿಕ್ಕಿದ್ದನ್ನು ತಡೆಯುವುದು ಅದರ ಕೆಲಸ. ಮೊದಲು ಆ ಬೆಳಕಿಗೆ ತೆಳ್ಳನೆಯ ಟ್ಯೂಬ್ ಇರುತ್ತಿತ್ತು, ಈಗ ಎಲ್‌ಇಡಿ ಬಂದಿದೆ. ಕರೆಂಟ್ ಉಳಿಯುತ್ತದೆ, ನಿಜ. ಆದರೆ ಪಕ್ಕದಿಂದ ನೋಡಿದರೆ ಬಣ್ಣ ನಿಲ್ಲುತ್ತದೆಯೇ, ಕಪ್ಪು ಕಪ್ಪಾಗಿಯೇ ಕಾಣುತ್ತದೆಯೇ ಎಂಬುದು ಆ ಸ್ಫಟಿಕಗಳು ತಿರುಗುವ ಬಗೆಗೆ ಸೇರಿದ್ದು. ಟಿಎನ್, ಐಪಿಎಸ್, ವಿಎ ಎಂಬ ಹೆಸರುಗಳು ಆ ಬಗೆಯ ಹೆಸರುಗಳು.

ಟಿಎನ್ ಹಳೆಯದು, ಅದರ ಪೇಟೆಂಟ್ 1970ರದು. ಅಗ್ಗ, ನೇರ ಕೂತು ಬಿಲ್ ಹಾಕುವವರಿಗೆ ಇಂದಿಗೂ ಸಾಕು. ಡಿಟಿಪಿ ಅಂಗಡಿಯಲ್ಲಿ ಕೆಲಸ ನಡೆಯುವುದು ಹಾಗಲ್ಲ. ಲಗ್ನಪತ್ರಿಕೆ ಮಾಡಿಸಲು ಬಂದವರು ಆಪರೇಟರ್ ಕುರ್ಚಿಯ ಹಿಂದೆ, ಪಕ್ಕದಲ್ಲಿ ನಿಂತು ಹೆಸರು ಸರಿಯಿದೆಯೇ ಎಂದು ಇಣುಕುತ್ತಾರೆ. ಟಿಎನ್ ಪರದೆಯಲ್ಲಿ ಅವರಿಗೆ ಅರಿಸಿನದ ಹಳದಿ ಬಿಳಚಿಕೊಂಡಂತೆ ಕಾಣುತ್ತದೆ, ಗಾಢ ಬಣ್ಣಗಳು ತಿರುವುಮುರುವಾಗುತ್ತವೆ. ಡಬ್ಬದ ಮೇಲೆ 170 ಡಿಗ್ರಿ ಎಂದು ಬರೆದಿರುತ್ತದಲ್ಲ ಎಂದರೆ, ಕಪ್ಪು-ಬಿಳುಪಿನ ಅಂತರ 10:1ಕ್ಕೆ ಕುಸಿಯುವವರೆಗೂ ‘ಕಾಣುತ್ತದೆ’ ಎಂದೇ ಆ ಲೆಕ್ಕ. ಬಣ್ಣ ಕೆಡುವುದು ಅದಕ್ಕಿಂತ ಎಷ್ಟೋ ಮೊದಲು. ಇಂಥ ಅಂಗಡಿಗೆ ಐಪಿಎಸ್ಸೇ ಬೇಕು.

ಹಾಗೆಂದು ‘ಐಪಿಎಸ್ ತಗೊಂಡರೆ ಬಣ್ಣ ಪಕ್ಕಾ’ ಎಂಬ ನಂಬಿಕೆಯೂ ಸರಿಯಲ್ಲ. ಮದುವೆ ಆಲ್ಬಂ ಮಾಡುವ ಸ್ಟುಡಿಯೋಗಳಿಗೆ ಹೆಚ್ಚು ನಷ್ಟ ತರುವುದು ಇದೇ. ಐಪಿಎಸ್ ಹೇಳುವುದು ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದು ಎಂದಷ್ಟೇ. ಆ ಬಣ್ಣ ಮೊದಲೇ ತಪ್ಪಿದ್ದರೆ ಎಲ್ಲ ಕಡೆಯಿಂದಲೂ ತಪ್ಪಾಗಿಯೇ ಕಾಣುತ್ತದೆ. ಎಸ್‌ಆರ್‌ಜಿಬಿ ಎಂಬ ಪ್ರಮಾಣಿತ ಶ್ರೇಣಿಯ ಬಣ್ಣಗಳಲ್ಲಿ ಶೇಕಡ ಎಷ್ಟನ್ನು ತೋರಿಸುತ್ತದೆ ಎಂದು ಕೇಳಬೇಕು. ಆಲ್ಬಂ ಕೆಲಸಕ್ಕೆ ಶೇ 100ರ ಹತ್ತಿರ ಇರಲಿ. ಬ್ರೈಟ್‌ನೆಸ್‌ನದು ಇನ್ನೊಂದು ಕಥೆ. ಮಾನಿಟರ್‌ಗಳು ಸಾಮಾನ್ಯವಾಗಿ 250 ನಿಟ್ಸ್ ಆಸುಪಾಸಿನವು. ಮಬ್ಬು ಕೋಣೆಯಲ್ಲಿ ಅದನ್ನು ಪೂರ್ತಿ ಏರಿಸಿಕೊಂಡು ಕೂತರೆ ಫೋಟೊ ಬೆಳ್ಳಗಿದೆ ಅನ್ನಿಸಿ ಕೈ ತಾನಾಗಿ ಅದನ್ನು ಕಪ್ಪಾಗಿಸುತ್ತದೆ. ಲ್ಯಾಬಿನಿಂದ ಪ್ರಿಂಟ್ ಬಂದಾಗ ಮದುಮಗಳ ಮುಖ ಮಂಕು, ಬೈಗುಳ ಲ್ಯಾಬಿನವರಿಗೆ. ಪ್ರಿಂಟ್ ಕೆಲಸಕ್ಕೆ 100ರಿಂದ 120 ನಿಟ್ಸ್ ಸಾಕು. ಹೊಗೆಸೊಪ್ಪಿನ ಬಣ್ಣ ನೋಡಿ ದರ್ಜೆ ಹೇಳುವ ಈ ಸೀಮೆಯವರಿಗೆ, ಬೆಳಕು ಬದಲಾದರೆ ಬಣ್ಣವೂ ಬದಲಾಗಿ ಕಾಣುತ್ತದೆಂದು ಹೇಳಿಕೊಡಬೇಕಿಲ್ಲ.

ವಿಎ ಪ್ಯಾನಲ್ ಗೇಮ್ ಆಡುವವರಿಗೆ ಮಾತ್ರ ಎಂಬ ಮಾತಿದೆ. ಸಾಮಾನ್ಯ ಐಪಿಎಸ್‌ನ ಕಾಂಟ್ರಾಸ್ಟ್ 1000:1ರ ಸುಮಾರು, ವಿಎಯದು 3000:1ರಷ್ಟು. ರಾತ್ರಿ ಸಿನಿಮಾ ನೋಡುವವರಿಗೆ, ಕಬಿನಿ ದಡದ ಮುಸ್ಸಂಜೆಯ ಚಿತ್ರಗಳನ್ನು ನೋಡಿ ಆನಂದಿಸುವವರಿಗೆ ಅದು ಚೆನ್ನ. ಕತ್ತಲ ದೃಶ್ಯಗಳು ವೇಗವಾಗಿ ಸರಿದಾಗ ಹಿಂದೆ ಮಸಿ ಎಳೆದಂತಾಗುವುದು ಅದರ ಕೊರತೆ.

ಕನ್ನಡ ಟೈಪ್ ಮಾಡುವವರು ಗಮನಿಸಬೇಕಾದದ್ದು ಬೇರೆಯೇ ಇದೆ. ‘ದೊಡ್ಡ ಪರದೆಯಲ್ಲಿ ಅಕ್ಷರ ಸ್ಪಷ್ಟ’ ಎಂದು 27 ಇಂಚಿನ ಫುಲ್ ಎಚ್‌ಡಿ ತರುತ್ತಾರೆ. ಅದರಲ್ಲಿ ಒಂದು ಇಂಚಿಗೆ ಸುಮಾರು 82 ಚುಕ್ಕೆ. ಅದೇ ಫುಲ್ ಎಚ್‌ಡಿಯ 21.5 ಇಂಚಿನಲ್ಲಿ 102. ಚುಕ್ಕೆಗಳ ಸಂಖ್ಯೆ ಹೆಚ್ಚಲಿಲ್ಲ, ಒಂದೊಂದೂ ದಪ್ಪಗಾಯಿತು ಅಷ್ಟೆ. ‘ರಾಷ್ಟ್ರ’, ‘ಲಕ್ಷ್ಮಿ’ಯಂಥ ಪದಗಳಲ್ಲಿ ಸಾಲಿನ ಕೆಳಗೆ ಇಳಿಯುವ ಒತ್ತಕ್ಷರಗಳಿಗೆ ಸಿಗುವುದೇ ಬೆರಳೆಣಿಕೆಯ ಚುಕ್ಕೆಗಳು, ಅವು ದಪ್ಪವಾದಷ್ಟೂ ಒತ್ತು ಮುದ್ದೆಯಾಗಿ ಕಾಣುತ್ತದೆ, ಕರಡು ತಿದ್ದುವಾಗ ತಪ್ಪು ತಪ್ಪಿಸಿಕೊಳ್ಳುತ್ತದೆ. 27 ಇಂಚೇ ಬೇಕಿದ್ದರೆ 2560×1440 ಇರುವುದನ್ನು ಕೊಳ್ಳಿ, ಇಂಚಿಗೆ 109 ಚುಕ್ಕೆ ಸಿಗುತ್ತದೆ. ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಒಂದು ಕನ್ನಡ ಫೈಲ್ ಒಯ್ದು, ಅಂಗಡಿಯಲ್ಲೇ ತೆರೆದು, ಎದುರಿನಿಂದಲೂ ಪಕ್ಕದಿಂದಲೂ ಓದಿ ನೋಡಿ.

ಇನ್ನು ಒಎಲ್‌ಇಡಿ. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಈ ಪರದೆಯ ಕಪ್ಪಿಗೆ ಸಾಟಿಯಿಲ್ಲ. ‘ದುಬಾರಿಯದೇ ಎಲ್ಲಕ್ಕೂ ಒಳ್ಳೆಯದು’ ಎಂದುಕೊಂಡು ಅದನ್ನು ಅರ್ಜಿ ತುಂಬುವ ಸೇವಾ ಕೇಂದ್ರದ ಮೇಜಿಗೆ ತಂದಿಡುವುದು ಬೇಡ. ಬೆಳಗಿನಿಂದ ಸಂಜೆಯವರೆಗೆ ಅದೇ ಜಾಗದಲ್ಲಿ ನಿಂತಿರುವ ಟಾಸ್ಕ್‌ಬಾರ್, ಅದೇ ಅರ್ಜಿಯ ಚೌಕಗಳು ಕಾಲಕ್ರಮೇಣ ಪರದೆಯ ಮೇಲೆ ಅಳಿಸಲಾಗದ ನೆರಳಾಗಿ ಉಳಿದುಬಿಡಬಹುದು. ಆ ಮೇಜಿಗೆ ಅದಕ್ಕಿಂತ ಎಷ್ಟೋ ಪಾಲು ಕಡಿಮೆ ಬೆಲೆಯ ಐಪಿಎಸ್ ಹೆಚ್ಚು ಕಾಲ ಬಾಳುತ್ತದೆ.