ಹಳೆಯ ಬಣ್ಣದ ಗಾಜಿನ ಹೂದಾನಿ: ಮಾರುವ ಮುನ್ನ ತಳ ನೋಡಿ



ಅಜ್ಜಿಯ ಕಾಲದ ಬಣ್ಣದ ಗಾಜಿನ ಹೂದಾನಿಯನ್ನು ಗುಜರಿಗೆ ಹಾಕುವ ಮೊದಲು, ಅಥವಾ 'ನೂರು ವರ್ಷದ್ದು' ಎಂಬ ಮಾತು ನಂಬಿ ಕೊಳ್ಳುವ ಮೊದಲು, ಮಗುಚಿ ತಳ ನೋಡಿ.

1. ನಡುವೆ ಒರಟು ಕಲೆಯೋ ಉಜ್ಜಿ ನಯಗೊಳಿಸಿದ ಗುಳಿಯೋ ಇದ್ದರೆ, ಸಾಮಾನ್ಯವಾಗಿ ಅದು ಕೈಕೆಲಸದ್ದು. ಇಂದಿಗೂ ಹಾಗೆ ಮಾಡುತ್ತಾರೆ. ಕಲೆಯೊಂದೇ ವಯಸ್ಸು ಹೇಳದು.

2. ಬಳಕೆಯ ಗೀರುಗಳು ಅಡ್ಡಾದಿಡ್ಡಿಯಾಗಿರುತ್ತವೆ. ಒಂದೇ ದಿಕ್ಕಿಗೆ ಸಾಲಾಗಿದ್ದರೆ, ಉಜ್ಜಿ ಹಳತು ಮಾಡಿದ್ದಿರಬಹುದು.

3. 'ಚೆಕೊಸ್ಲೊವಾಕಿಯಾ' ಮುದ್ರೆಯಿದ್ದರೆ 1918ಕ್ಕಿಂತ ಹಿಂದಿನದಲ್ಲ. ಆ ದೇಶ ಹುಟ್ಟಿದ್ದೇ ಆಗ. ಗಾಜಿಗೆ ಹೆಸರಾದ ಬೊಹೆಮಿಯಾ ಅದರಲ್ಲೇ ಇತ್ತು.

4. ಹಳದಿ-ಹಸಿರು ಗಾಜು ನೋಟು ಪರೀಕ್ಷಿಸುವ ನೇರಳೆ ದೀಪದಡಿ ಎದ್ದು ಹಸಿರಾಗಿ ಹೊಳೆದರೆ ಯುರೇನಿಯಂ ಬೆರೆತಿರಬಹುದು. ಬೊಹೆಮಿಯಾದಲ್ಲಿ ಇದು 1830ರ ದಶಕದಿಂದಲೂ ಉಂಟು.

ಮುದ್ರೆ ಇಲ್ಲದಿದ್ದರೂ ನಿರಾಶೆ ಬೇಡ. ಅನೇಕಕ್ಕೆ ಕಾಗದದ ಚೀಟಿ ಮಾತ್ರ ಇತ್ತು, ಅದು ತೊಳೆದುಹೋಗಿರುತ್ತದೆ. ನಾಲ್ಕನ್ನೂ ಕೂಡಿಸಿ ನೋಡಿಯೇ ಬೆಲೆ ಮಾತಾಡಿ.

– ಕಾರ್ಯದರ್ಶಿ