ತರಬೇತಿಯಿಂದ ಬಂದ ಕಾರ್ಯದರ್ಶಿಯನ್ನು ಏನು ಕೇಳಬೇಕು?



ಸಂಘದ ಕಾರ್ಯದರ್ಶಿಯನ್ನೋ ನಿರ್ದೇಶಕರನ್ನೋ ನಾಯಕತ್ವ ತರಬೇತಿಗೆ ಕಳುಹಿಸಿಕೊಡಿ ಎಂದು ಪತ್ರ ಬಂದಾಗ ಹಲವು ಹಳ್ಳಿಗಳಲ್ಲಿ ಕೇಳಿಬರುವ ಮಾತು ಒಂದೇ. "ಅವರು ಹೋದರೆ ಬೆಳಗಿನ ಹಾಲು ಅಳೆಯೋರು ಯಾರು? ಲೆಕ್ಕ ಬರೆಯೋಕೆ ಬರುತ್ತಲ್ಲ, ಇನ್ನೇನು ಕಲಿಯಬೇಕು?" ಪ್ರಶ್ನೆ ನ್ಯಾಯವಾದದ್ದೇ. ಜಿಡ್ಡಿನ ಪರೀಕ್ಷೆ, ಬಟವಾಡೆಯ ಲೆಕ್ಕ ಇವೆಲ್ಲ ಕೆಲಸದ ತರಬೇತಿ. ಅದನ್ನು ಕೈ ಕಲಿಯುತ್ತದೆ. ನಾಯಕತ್ವ ತರಬೇತಿಯಲ್ಲಿ ಬದಲಾಗಬೇಕಾದದ್ದು ನೋಟ.

ಇದಕ್ಕೆ ದೊಡ್ಡ ನಿದರ್ಶನ ನಮ್ಮ ಬೆಂಗಳೂರಿನ ಮೂಲಕವೇ ಹಾದುಹೋಗಿದೆ. ಡಾ. ವರ್ಗೀಸ್ ಕುರಿಯನ್ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕ ಮೇಲೆ ಅಮೆರಿಕಕ್ಕೆ ಹೋಗುವ ಮುನ್ನ ಅವರು ಕೆಲಕಾಲ ತರಬೇತಿ ಪಡೆದದ್ದು ಬೆಂಗಳೂರಿನ ಇಂಪೀರಿಯಲ್ ಸಂಸ್ಥೆಯಲ್ಲಿ. ಆಡುಗೋಡಿಯ ಎನ್.ಡಿ.ಆರ್.ಐ. ದಕ್ಷಿಣ ಪ್ರಾದೇಶಿಕ ಕೇಂದ್ರ ಅದರ ಮುಂದುವರಿಕೆ. (1927ರಲ್ಲಿ ಗಾಂಧೀಜಿ ಗೋಪಾಲನೆಯ ಪಾಠ ಕೇಳಲು ಬಂದದ್ದೂ ಇಲ್ಲಿಗೇ.) ಇಷ್ಟು ಓದಿದ ಕುರಿಯನ್ 1949ರಲ್ಲಿ ಗುಜರಾತಿನ ಆನಂದಕ್ಕೆ ಬಂದದ್ದು ಒಲ್ಲದ ಮನಸ್ಸಿನಿಂದ. ಸರ್ಕಾರಿ ಕ್ರೀಮರಿಯ ಕೆಲಸ ಬಿಟ್ಟು ಹೊರಡಲು ಕಾಯುತ್ತಿದ್ದವರನ್ನು ತಡೆದು ನಿಲ್ಲಿಸಿಕೊಂಡವರು ಖೇಡಾ ಹಾಲು ಒಕ್ಕೂಟದ ಅಧ್ಯಕ್ಷ ತ್ರಿಭುವನದಾಸ್ ಪಟೇಲರು. ಯಂತ್ರದ ವಿದ್ಯೆ ಕುರಿಯನ್ನರಿಗೆ ಮೊದಲೇ ಇತ್ತು. ಆ ಯಂತ್ರ ಯಾರಿಗಾಗಿ ತಿರುಗಬೇಕು ಎಂಬುದನ್ನು ರೈತರ ಮಧ್ಯೆ ಕಲಿತರು. 1979ರಲ್ಲಿ ಆನಂದದಲ್ಲಿ ಇರ್ಮಾ ಸಂಸ್ಥೆ ಆರಂಭವಾದಾಗ, ಮ್ಯಾನೇಜರ್ ಆಗಲು ಬಂದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ವಾರಗಟ್ಟಲೆ ಇದ್ದು ಕಲಿಯಬೇಕೆಂಬ ಪಾಠಕ್ರಮ ಮಾಡಿದ್ದರ ಹಿಂದೆಯೂ ಇದೇ ಅನುಭವವಿದ್ದಂತೆ ಕಾಣುತ್ತದೆ.

ನಮ್ಮಲ್ಲಿ ಈ ಕೆಲಸಕ್ಕೆ ಕಹಾಮದ ತರಬೇತಿ ಕೇಂದ್ರಗಳಿವೆ. ಅಲ್ಲಿಂದ ಬಂದವರಲ್ಲಿ ಯಾವ ಬದಲಾವಣೆ ಕಾಣಬೇಕು?

ಒಂದು ಕ್ಯಾನು ಹಾಲು ಹುಳಿಯಾಗಿ ವಾಪಸು ಬಂತೆನ್ನಿ. ಕೆಲಸವಷ್ಟೇ ಬಲ್ಲ ಕಾರ್ಯದರ್ಶಿ ನಷ್ಟವನ್ನು ಪುಸ್ತಕದಲ್ಲಿ ಬರೆದು ಸುಮ್ಮನಾಗುತ್ತಾರೆ. ಸಂಘವನ್ನು ಇಡಿಯಾಗಿ ನೋಡಬಲ್ಲವರು ಹಿಂದಕ್ಕೆ ಹೋಗಿ ಹುಡುಕುತ್ತಾರೆ. ಕೆಚ್ಚಲಿನಿಂದ ಬಂದ ಹಾಲಿಗೆ ಹಸುವಿನ ಮೈಯಷ್ಟೇ ಬಿಸಿ ಇರುತ್ತದೆ. ಆ ಬಿಸಿಯಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಬಲ್ಲವು. 4 ಡಿಗ್ರಿಗೆ ತಂಪಾದರೆ ಬಹುಮಟ್ಟಿಗೆ ತಡೆಯುತ್ತವೆ. ಹಾಗಾದರೆ ತಡವಾದದ್ದು ಎಲ್ಲಿ? ಡೈರಿಯ ಬಾಗಿಲು ತೆರೆಯುವುದರಲ್ಲೋ, ವಾಹನ ಬರುವುದರಲ್ಲೋ, ಕ್ಯಾನು ತೊಳೆಯುವುದರಲ್ಲೋ? ಸೂಲಿಕೆರೆ, ರಾಮೋಹಳ್ಳಿ ಕಡೆಯ ಹಸುವಿನ ಹಾಲಿಗೆ ಗಿರಾಕಿ ದೂರದಲ್ಲಿಲ್ಲ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಬೂತುಗಳ ಮುಂದೆ ಬೆಳಗ್ಗೆ ನಿಂತಿರುವವರೇ. ನೀಲಿ ಪೊಟ್ಟಣದ ಟೋನ್ಡ್ ಹಾಲಿನಲ್ಲಿ ಶೇ. 3 ಜಿಡ್ಡು, ಶೇ. 8.5 ಜಿಡ್ಡೇತರ ಘನಾಂಶ ಇರಲೇಬೇಕು. ಕೊಟ್ಟಿಗೆಯಲ್ಲಿ ಬೆರೆಸಿದ ಒಂದು ಚೊಂಬು ನೀರು ಅಲ್ಲಿಯವರೆಗೂ ಲೆಕ್ಕ ಕೇಳುತ್ತದೆ.

ಇನ್ನೊಂದು ವಿಷಯ. ಹುಲ್ಲು ತರುವುದು, ಸಗಣಿ ಬಾಚುವುದು, ಹಾಲು ಕರೆಯುವುದು ಬಹುಪಾಲು ಹೆಂಗಸರು. ಷೇರು ಮಾತ್ರ ಯಜಮಾನರ ಹೆಸರಲ್ಲಿ! ಕೇಂದ್ರ ಸರ್ಕಾರ 1986-87ರಲ್ಲಿ ಆರಂಭಿಸಿದ 'ಸ್ಟೆಪ್' ಯೋಜನೆಯ ನೆರವಿನಿಂದ ನಮ್ಮ ರಾಜ್ಯದಲ್ಲೂ ಮಹಿಳಾ ಹಾಲು ಉತ್ಪಾದಕರ ಸಂಘಗಳು ಬೆಳೆದವು. ಅಂಥ ಸಂಘದಲ್ಲಿ ಅಧ್ಯಕ್ಷೆ, ನಿರ್ದೇಶಕಿಯರು, ಕಾರ್ಯದರ್ಶಿ ಎಲ್ಲರೂ ಹೆಂಗಸರೇ. ತರಬೇತಿಗೆ ಅಕ್ಕನ ಬದಲು ಭಾವ ಹೋಗಿ ಸಹಿ ಹಾಕಿ ಬಂದರೆ ಹಣ ದಂಡ. ಎರಡು ದಿನ ಮನೆಯ ಹಸುವನ್ನು ಭಾವ ನೋಡಿಕೊಳ್ಳಲಿ.

ಕೆಂಗೇರಿ ಹೋಬಳಿಯ ಸಂಘಗಳಿಗಂತೂ ಈಗ ಬರೀ ಲೆಕ್ಕ ಬಲ್ಲವರು ಸಾಲದು. ಮೈಸೂರು ರಸ್ತೆ, ಮಾಗಡಿ ರಸ್ತೆಗಳ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆ ಬಂತು. ಮೇವಿನ ಹೊಲ ನಿವೇಶನವಾಯಿತು. ನಾಲ್ಕು ಹಸು ಕಟ್ಟುತ್ತಿದ್ದ ಮನೆಯವರು ಎರಡಕ್ಕೆ ಇಳಿದರೆ, ಆಮೇಲೆ ಅದನ್ನೂ ಮಾರಿದರೆ, ಸಂಘದ ಹಾಲು ಇಳಿಯುತ್ತದೆ. ಸಾಗಣೆ ವೆಚ್ಚ ಮಾತ್ರ ಹಾಗೇ ಉಳಿಯುತ್ತದೆ. ಸಂಘ ಮುಚ್ಚಿದರೆ ಮೊದಲು ಕೆಡುವವರು ಒಂದೇ ಹಸುವಿನ ಬಡ ಸದಸ್ಯರು. ಮೇವನ್ನು ಒಟ್ಟಾಗಿ ಹೊರಗಿನಿಂದ ತರಿಸುವುದೋ, ಪಕ್ಕದ ಹಳ್ಳಿಯೊಂದಿಗೆ ಶೀತಲ ಘಟಕ ಹಂಚಿಕೊಳ್ಳುವುದೋ, ಇದನ್ನು ಮುಂಚಿತವಾಗಿ ಯೋಚಿಸಿ ಆಡಳಿತ ಮಂಡಳಿಯ ಮುಂದಿಡುವ ಕಾರ್ಯದರ್ಶಿ ಬೇಕು.

ಆದ್ದರಿಂದ ನಿಮ್ಮ ಸಂಘದಿಂದ ಯಾರಾದರೂ ತರಬೇತಿ ಮುಗಿಸಿ ಬಂದರೆ, ಮುಂದಿನ ಸಭೆಯಲ್ಲಿ ಅವರಿಗೆ ಹತ್ತು ನಿಮಿಷ ಕೊಡಿ. ಪ್ರಮಾಣಪತ್ರ ಆಮೇಲೆ ನೋಡಿದರಾಯಿತು. ಕಳೆದ ವರ್ಷ ಹಾಲು ಹಾಕುವುದನ್ನು ನಿಲ್ಲಿಸಿದ ಸದಸ್ಯರು ಎಷ್ಟು, ಏಕೆ ನಿಲ್ಲಿಸಿದರು, ಅವರ ಮನೆಗೆ ಹೋಗಿದ್ದಿರಾ ಎಂದು ಕೇಳಿ. ಮಾದರಿ ಹಾಲಿನಿಂದ ಬಂದ ಹಣ ಎಲ್ಲಿ ಜಮಾ ಆಗಿದೆ ಎಂದೂ ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಆರು ತಿಂಗಳ ನಂತರ ಅದೇ ಪುಟ ತೆಗೆದು ಓದಿಸಿ.