ಹೊಸ ಗಾಡಿಗೆ ಹಳೆಯ ಏರಿನ ಪರೀಕ್ಷೆ

ಜೋಗವನ್ನು ನೋಡಲು ಬಂದವರ ಕಣ್ಣೆಲ್ಲ ಇಳಿಯುವ ನೀರಿನ ಮೇಲೆ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಹೆಸರು ಹೊತ್ತು ಶರಾವತಿಯು 253 ಮೀಟರು ಆಳಕ್ಕೆ ಧುಮುಕುವ ವೈಭವವನ್ನು ಕಂಡು, ತುಂತುರಿನಲ್ಲಿ ನೆನೆದು, ಬಿಸಿ ಕಾಫಿ ಕುಡಿದು ಅವರು ಊರಿಗೆ ಹಿಂದಿರುಗುತ್ತಾರೆ. ಆ ಸೀಮೆಯಲ್ಲಿ ಬಾಳುವವರ ಕಣ್ಣು ಮಾತ್ರ ಸದಾ ಏರುವ ದಾರಿಯ ಮೇಲೆ. ನೀರಿಗೆ ಇಳಿಯುವುದು ಸಹಜ. ಹೊರೆಗೆ ಏರುವುದು ಸಹಜವಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತೋಟಗಾರನ ಬದುಕಿನ ಅರ್ಧ ಕಥೆ ಈ ಒಂದು ಮಾತಿನಲ್ಲಿಯೇ ಅಡಗಿದೆ.

ಅಡಿಕೆಯ ತೋಟವಿರುವುದು ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ, ನೀರಿನ ಪಸೆ ಆರದ ಕಣಿವೆಯಲ್ಲಿ. ಮನೆ ಅದರ ಮೇಲ್ಗಡೆ. ಟಾರು ರಸ್ತೆ ಇನ್ನೂ ಮೇಲೆ. ಕೊಯ್ದ ಕೊನೆಗಳು ತೋಟದಿಂದ ಅಂಗಳಕ್ಕೆ ಏರಬೇಕು. ಸುಲಿದು ಒಣಗಿಸಿದ ಅಡಿಕೆ ಅಂಗಳದಿಂದ ರಸ್ತೆಗೆ ಏರಬೇಕು. ಒಂದು ಕಾಲಕ್ಕೆ ಈ ಹೊರೆ ಮನುಷ್ಯನ ತಲೆಯ ಮೇಲಿತ್ತು. ಬಳಿಕ ಎತ್ತಿನ ಹೆಗಲಿಗೆ ಬಂತು. 1947ರಲ್ಲಿ ಮುಂಬಯಿಯ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿದ ಮೇಲೆ, ಕ್ರಮೇಣ ಮಲೆನಾಡಿನ ಕಾಡುದಾರಿಗಳಲ್ಲಿಯೂ ಜೀಪಿನ ಸದ್ದು ಕೇಳಿಸಿತು. ಈಗಿನ ಕಾಲ ಪಿಕಪ್ಪಿನದು.

ನಗರದ ವಾಚಕರಿಗೆ ಪಿಕಪ್ ಅಪರಿಚಿತವೇನಲ್ಲ. ಮನೆ ಬದಲಿಸುವಾಗ ಬೀರು ಮಂಚಗಳನ್ನು ಹೇರಿಕೊಂಡು ಬರುವುದು ಅದೇ. ನಸುಕಿನಲ್ಲಿ ಮಾರುಕಟ್ಟೆಗೆ ತರಕಾರಿ ತರುವುದೂ ಅದೇ. ಮುಂದೆ ಇಬ್ಬರು ಮೂವರು ಕೂರುವ ಕೋಣೆ, ಹಿಂದೆ ತೆರೆದ ತೊಟ್ಟಿ. 1925ರಲ್ಲಿ ಅಮೆರಿಕದ ಫೋರ್ಡ್ ಕಾರ್ಖಾನೆಯು ತನ್ನ ಮಾಡೆಲ್ ಟಿ ಕಾರಿಗೆ ಇಂಥ ತೊಟ್ಟಿಯನ್ನು ತಾನೇ ಕೂಡಿಸಿ 281 ಡಾಲರಿಗೆ ಮಾರಿತು. ನಮ್ಮ ದೇಶದಲ್ಲಿ 2005ರಲ್ಲಿ ಟಾಟಾ ಏಸ್ ಬಂದ ಬಳಿಕ, ಸಣ್ಣ ಸರಕು ಗಾಡಿಯೊಂದನ್ನು ಕೊಂಡು ತಾನೇ ಓಡಿಸಿ ಬದುಕುವುದು ಸಾವಿರಾರು ಯುವಕರಿಗೆ ಸಾಧ್ಯವಾಯಿತು. ನಗರದಲ್ಲಿ ಅದು ಬಾಡಿಗೆಯ ವಾಹನ. ಮಲೆನಾಡಿನಲ್ಲಿ ಮನೆಯ ಎತ್ತು.

ಕೊನೆಯ ಫರ್ಲಾಂಗು

ದೊಡ್ಡ ದಾರಿಗಳು ಈ ನಾಡಿನಲ್ಲಿ ಸುಧಾರಿಸಿರುವುದು ನಿಜ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದ ಮೇಲೆ ಹಿನ್ನೀರಿನ ಆಚೆಗೆ ಉಳಿದ ತುಮರಿಯ ಕಡೆಯವರು ಲಾಂಚನ್ನು ಕಾದು ಕಾದು ಆರು ದಶಕ ಕಳೆದರು. 2025ರ ಜುಲೈ 14ರಂದು ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದದ ಸೇತುವೆ ತೆರೆಯಿತು. ಹೊರೆ ಹೊತ್ತ ಗಾಡಿ ಈಗ ನೀರಿನ ಮೇಲೆ ನಿಮಿಷಗಳಲ್ಲಿ ಸಾಗುತ್ತದೆ. ಆದರೆ ಹೆದ್ದಾರಿಯಿಂದ ಮನೆಯ ದಣಪೆಯವರೆಗಿನ ಆ ಕೊನೆಯ ಫರ್ಲಾಂಗು? ಅದು ಅನೇಕ ಮನೆಗಳಲ್ಲಿ ಅಜ್ಜನ ಕಾಲದಲ್ಲಿ ಇದ್ದಂತೆಯೇ ಇದೆ: ಕೆಂಪು ಮಣ್ಣು, ಎರಡು ಗಾಲಿಜಾಡು, ನಡುವೆ ಹುಲ್ಲು, ಒಂದು ಕಡೆ ಧರೆ, ಇನ್ನೊಂದು ಕಡೆ ತಗ್ಗು.

ಹೊಸ ಗಾಡಿಯನ್ನು ಪರೀಕ್ಷಿಸಿ ನೋಡುವುದು ದೊಡ್ಡ ದಾರಿಯಲ್ಲಿ. ಅದು ಬಾಳಬೇಕಾದದ್ದು ಈ ಫರ್ಲಾಂಗಿನಲ್ಲಿ. ನಿರಾಶೆಯ ಬೇರು ಇರುವುದು ಇಲ್ಲಿಯೇ.

ಒಂದು ಮನೆಯ ನವರಾತ್ರಿ

ಜೋಗದಿಂದ ಕಾರ್ಗಲ್ಲಿನ ಕಡೆಗೆ, ಟಾರು ರಸ್ತೆಯಿಂದ ಕೆಳಕ್ಕೆ ಇಳಿದ ಇಂಥದೊಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಎರಡು ಎಕರೆ ತೋಟ. ಎಲೆಚುಕ್ಕಿ ರೋಗ ಹೊಕ್ಕು ಫಸಲು ತಗ್ಗಿದೆ. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮಗನಿಗೆ ಊರಲ್ಲಿಯೇ ನಿಲ್ಲುವ ಮನಸ್ಸು. ತೋಟವೊಂದೇ ಈಗ ಮನೆಯನ್ನು ಸಾಕಲಾರದು. ಪಿಕಪ್ ಕೊಂಡರೆ ಸ್ವಂತದ ಹೊರೆಯ ಜೊತೆಗೆ ನೆರೆಯವರ ಅಡಿಕೆಯನ್ನೂ ಸಾಗರದ ಮಂಡಿಗೆ ಬಾಡಿಗೆಗೆ ಸಾಗಿಸಬಹುದು ಎಂಬುದು ಅವನ ಲೆಕ್ಕ. ಸೊಸೈಟಿಯಲ್ಲಿ ಸಾಲದ ಮಾತಾಗಿದೆ. ಆಯುಧಪೂಜೆಯ ದಿನ ಹೊಸ ಗಾಡಿ ಅಂಗಳದಲ್ಲಿ ನಿಲ್ಲಬೇಕೆಂದು ಅಜ್ಜಿ ಚೆಂಡುಹೂವಿನ ಗಿಡಗಳಿಗೆ ದಿನವೂ ನೀರೆರೆಯುತ್ತಿದ್ದಾಳೆ.

ತಂದೆ ಮಗ ಇಬ್ಬರೂ ಪೇಟೆಯ ಮಾರಾಟದ ಮಳಿಗೆಗೆ ಹೋಗುತ್ತಾರೆ. ಕನ್ನಡಿಯಂತೆ ಹೊಳೆಯುವ ಬಿಳಿಯ ಪಿಕಪ್. ಮಾರಾಟದ ಹುಡುಗ ವಿನಯಶೀಲ; "ಬನ್ನಿ ಸಾರ್, ಓಡಿಸಿ ನೋಡಿ" ಎಂದು ಕೀಲಿಕೈ ಕೊಡುತ್ತಾನೆ. ಖಾಲಿ ಗಾಡಿ, ಅಗಲವಾದ ರಸ್ತೆ, ಹತ್ತು ನಿಮಿಷ. ಬೆರಳಿಗೆ ಬಗ್ಗುವ ಚಕ್ರ, ತಣ್ಣನೆಯ ಗಾಳಿ, ಹಾಡುವ ಪೆಟ್ಟಿಗೆ. ಮಗನ ಮುಖ ಅರಳುತ್ತದೆ. ಮುಂಗಡದ ಹಣಕ್ಕೆ ಕೈ ಜೇಬಿಗೆ ಹೋಗುತ್ತದೆ.

ತಂದೆ ಆ ಕೈಯನ್ನು ತಡೆಯುತ್ತಾನೆ. "ಒಮ್ಮೆ ನಮ್ಮ ಮನೆಗೆ ಬರಲಿ, ಮಾಣಿ. ಅದು ಇರಬೇಕಾದದ್ದು ಅಲ್ಲಲ್ಲವೇ?"

ಮಾರಾಟದ ಹುಡುಗ ಸ್ವಲ್ಪ ಹಿಂಜರಿಯುತ್ತಾನೆ, ದೂರವಾಣಿಯಲ್ಲಿ ಅಪ್ಪಣೆ ಕೇಳುತ್ತಾನೆ, ಕೊನೆಗೆ ಒಪ್ಪುತ್ತಾನೆ.

ಏರಿನ ನಡುವೆ

ಇಳಿಯುವಾಗ ಎಲ್ಲವೂ ಸುಸೂತ್ರ. ಮಳೆಗಾಲ ಮುಗಿದಿದ್ದರೂ ಧರೆಯ ಬುಡದಿಂದ ನೀರು ಒಸರುತ್ತಿದೆ; ಜಾಡು ಮೇಲೆ ಒಣಗಿ, ಒಳಗೆ ಹಸಿಯಾಗಿದೆ. ಅಂಗಳದಲ್ಲಿ ಗಾಡಿ ತಿರುಗಿಸಿ, ಖಾಲಿಯಾಗಿಯೇ ಏರಲು ಹೊರಟಾಗ ಹಿಂದಿನ ಗಾಲಿ ಬರಿದೆ ತಿರುಗಿ, ಕೆಸರು ಅಜ್ಜಿಯ ತುಳಸಿಕಟ್ಟೆಯವರೆಗೂ ಹಾರುತ್ತದೆ. "ಹಿಂದೆ ಭಾರವಿಲ್ಲ ಸಾರ್, ಅದಕ್ಕೇ ಜಾರುತ್ತದೆ. ಲೋಡು ಹಾಕಿ ನೋಡಿ" ಎನ್ನುತ್ತಾನೆ ಹುಡುಗ. ಮಾತು ಸುಳ್ಳಲ್ಲ.

ಗೊಬ್ಬರದ ಚೀಲಗಳನ್ನು ಹೇರುತ್ತಾರೆ. ಈಗ ಗಾಲಿ ನೆಲ ಹಿಡಿಯುತ್ತದೆ; ಗಾಡಿ ಏರುತ್ತದೆ; ಎಲ್ಲರ ಉಸಿರೂ ಅದರ ಜೊತೆಗೆ ಏರುತ್ತದೆ. ನಡುದಾರಿಯಲ್ಲಿ ಒಂದು ತಿರುವು. ಜೀಪು ಒಂದೇ ಸಲಕ್ಕೆ ತಿರುಗುತ್ತಿದ್ದ ಆ ಮೂಲೆಯಲ್ಲಿ ಉದ್ದನೆಯ ಪಿಕಪ್ ತಿರುಗದು. ನಿಲ್ಲಿಸಿ, ಹಿಂದಕ್ಕೆ ಸರಿಸಿ ಮತ್ತೆ ಎಳೆಯಬೇಕು. ನಿಂತ ಗಾಡಿ ಏರಿನಲ್ಲಿ ಮತ್ತೆ ಹೊರಡಲೊಲ್ಲದು. ಎಂಜಿನ್ ಎರಡು ಸಲ ನಿಲ್ಲುತ್ತದೆ. ಮೂರನೆಯ ಸಲಕ್ಕೆ ಕ್ಲಚ್ಚು ಸುಟ್ಟ ವಾಸನೆ. ಕೊನೆಗೆ ನೆರೆಮನೆಯ ಟ್ರ್ಯಾಕ್ಟರ್ ಬಂದು, ಹೊಳೆಯುವ ಹೊಸ ಗಾಡಿಯನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆಯುತ್ತದೆ.

ಮಗ ಮಾತಾಡುವುದಿಲ್ಲ. ಅವನಿಗಾದ ನಿರಾಶೆ ಗಾಡಿಯೊಂದರದೇ ಅಲ್ಲ. ಊರಿನಲ್ಲಿ ಉಳಿಯಲು ಅವನು ಹಾಕಿಕೊಂಡ ಲೆಕ್ಕವೇ ಆ ತಿರುವಿನಲ್ಲಿ ನಿಂತುಹೋಯಿತು. ಅಂಗಳದಲ್ಲಿ ಕಾಫಿ ಕುಡಿಯುತ್ತ ಮಾರಾಟದ ಹುಡುಗ ಮೆಲ್ಲಗೆ ಹೇಳುತ್ತಾನೆ: "ಟಾರು ಬಿಟ್ಟು ಇಳಿಸಬೇಡ ಎಂದೇ ನಮಗೆ ಹೇಳಿರುತ್ತಾರೆ, ಸಾರ್." ಅವನೂ ಯಾವುದೋ ಮನೆಯ ಮಗನೇ, ತಿಂಗಳಿಗೆ ಇಷ್ಟು ಗಾಡಿ ಮಾರಲೇಬೇಕಾದವನು.

ತಪ್ಪು ಯಾರದು?

ಗಾಡಿ ಕೆಟ್ಟದ್ದೆಂದು ಹೇಳಿದರೆ ಅನ್ಯಾಯವಾದೀತು. ಲೆಕ್ಕ ಸರಳವಾಗಿದೆ. ಹತ್ತಡಿ ಸಾಗುವಲ್ಲಿ ಒಂದಡಿ ಏರುವ ದಾರಿಯಲ್ಲಿ, ಗಾಡಿಯ ಒಟ್ಟು ತೂಕದ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಎಳೆತವನ್ನು ಎಂಜಿನ್ ಏರಿಗೆಂದೇ ಕೊಡಬೇಕು. ಖಾಲಿ ಗಾಡಿ 1,700 ಕಿಲೋ ಎಂದಿಟ್ಟುಕೊಂಡರೆ ಅದು 170 ಕಿಲೋ ಭಾರಕ್ಕೆ ಸಮ. ಮೇಲೆ 1,300 ಕಿಲೋ ಹೇರಿದರೆ 300 ಕಿಲೋ. ದಾರಿ ಐದಡಿಗೆ ಒಂದಡಿ ಏರುವಂತಿದ್ದರೆ ಹೊರೆಯ ಗಾಡಿಗೆ ಬೇಕಾಗುವುದು ಸುಮಾರು 600. ಪೇಟೆಯ ಸಮರಸ್ತೆಯಲ್ಲಿ ಈ ಅಂಕಿ ಸೊನ್ನೆಗೆ ಹತ್ತಿರ. ಹಾಗಾದರೆ ಆ ಹತ್ತು ನಿಮಿಷದಲ್ಲಿ ಪರೀಕ್ಷೆಯಾದದ್ದು ಏನು? ಕುರ್ಚಿಯ ಮೆತ್ತೆ ಮಾತ್ರ.

ಇನ್ನು ಕೆಸರಿನ ಮಾತು. ಸಾಮಾನ್ಯ ಪಿಕಪ್ಪಿನಲ್ಲಿ ಎಂಜಿನ್ನಿನ ಬಲ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಹೋಗುತ್ತದೆ. ತಿರುವಿನಲ್ಲಿ ಒಳಗಾಲಿ ನಿಧಾನವಾಗಿಯೂ ಹೊರಗಾಲಿ ವೇಗವಾಗಿಯೂ ತಿರುಗಲೆಂದು ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಇದೆ. ಟಾರಿನ ಮೇಲೆ ಅದು ಉಪಕಾರಿ. ಕೆಸರಿನಲ್ಲಿ ಒಂದು ಗಾಲಿ ಹಿಡಿತ ತಪ್ಪಿತೆಂದರೆ ಆ ಗಾಲಿ ಬರಿದೆ ಸುತ್ತುತ್ತದೆ. ಗಟ್ಟಿ ನೆಲದ ಮೇಲಿರುವ ಜೊತೆಗಾಲಿ ಸುಮ್ಮನೆ ನಿಲ್ಲುತ್ತದೆ. ನಾಲ್ಕೂ ಗಾಲಿಗೆ ಬಲ ಹೋಗುವ ಗಾಡಿಗಳಿವೆ. ಅವುಗಳ ಬೆಲೆ ಹೆಚ್ಚು.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್–6 ನಿಯಮ ಜಾರಿಗೆ ಬಂದ ಮೇಲೆ ಇನ್ನೊಂದು ವಿಷಯ ಸೇರಿಕೊಂಡಿದೆ. ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ತಡೆಹಿಡಿಯುವ ಶೋಧಕವೊಂದು ಇರುತ್ತದೆ. ಗಾಡಿ ಸ್ವಲ್ಪ ದೂರ ಬಿಸಿಯಾಗಿ ಓಡಿದರೆ ಆ ಮಸಿ ತಾನೇ ಸುಟ್ಟು ಹೋಗುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಕಿರುದೂರವನ್ನೇ ತಿರುಗುವ ಗಾಡಿಯಲ್ಲಿ ಮಸಿ ಕಟ್ಟಿಕೊಳ್ಳುವ ಸಂಭವವಿದೆ. ಇದನ್ನು ಕೊಳ್ಳುವ ಮುನ್ನವೇ ಕೇಳಿ ತಿಳಿಯುವುದು ಲೇಸು.

ನೊಗಕ್ಕೆ ಕಟ್ಟಿ ನೋಡುವುದು

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದ ಹಿರಿಯರು ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು. ಅಷ್ಟಕ್ಕೇ ಬಿಡದೆ ನೊಗಕ್ಕೆ ಕಟ್ಟಿ ಎಳೆಸಿಯೂ ನೋಡುತ್ತಿದ್ದರು. ಕೊಂಬಿನ ಬಣ್ಣಕ್ಕೆ ಮರುಳಾದವನನ್ನು ಊರು ನಗುತ್ತಿತ್ತು. ಈ ವಿವೇಕ ಯಂತ್ರಕ್ಕೂ ಸಲ್ಲುತ್ತದೆ. ತನ್ನ ಹೊರೆಯನ್ನು ಹೇರಿ, ಆದರೆ ಗಾಡಿಯ ದಾಖಲೆಯಲ್ಲಿ ನಮೂದಾದ ಮಿತಿಯನ್ನು ಮೀರದೆ, ತನ್ನ ದಾರಿಯಲ್ಲಿಯೇ ಓಡಿಸಬೇಕು. ಏರಿನ ನಡುವೆ ಬೇಕೆಂದೇ ನಿಲ್ಲಿಸಿ ಮತ್ತೆ ಹೊರಡಿಸಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಬಿಟ್ಟು, ಬ್ರೇಕನ್ನು ಅತಿಯಾಗಿ ಒತ್ತದೆಯೇ ಗಾಡಿ ಹತೋಟಿಯಲ್ಲಿ ಇಳಿಯುವುದೇ ಎಂದು ನೋಡಬೇಕು. ಆಗುಂಬೆ, ಹುಲಿಕಲ್, ಕೋಗಾರು ಘಾಟಿಗಳನ್ನು ಹೊರೆಯೊಡನೆ ಇಳಿಯುವವರಿಗೆ ಇದು ಪ್ರಾಣದ ಪ್ರಶ್ನೆ. ತನ್ನ ಅಂಗಳದಲ್ಲಿಯೇ ತಿರುಗಿಸಬೇಕು. ಇಷ್ಟೂ ಆದ ಮೇಲೆ ಮುಂಗಡದ ಮಾತು.

ಇದಕ್ಕೆ ಕಾನೂನಿನ ಅಡ್ಡಿಯಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮಾರಾಟಗಾರರು ಪಡೆದ ವ್ಯಾಪಾರ ಪ್ರಮಾಣಪತ್ರದ ಮೇಲೆ ಗಾಡಿಯನ್ನು ಕೊಳ್ಳಲು ಬಯಸುವವರ ಪರೀಕ್ಷೆಗಾಗಿ ರಸ್ತೆಗೆ ಇಳಿಸಬಹುದು. ಕೆಂಪು ಫಲಕದ ಮೇಲೆ ಬಿಳಿಯ ಅಕ್ಷರ ಅದರ ಗುರುತು. ಹಗುರ ಮೋಟಾರು ವಾಹನದ ಪರವಾನಗಿ ಇದ್ದವರು 7,500 ಕಿಲೋ ಮೀರದ ಸರಕು ಗಾಡಿಯನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಸ್ಪಷ್ಟಪಡಿಸಿತು. ಕೊಂಡ ಗಾಡಿಯಲ್ಲಿ ದೋಷ ಕಂಡರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಿದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಕೊಂಡವನೂ ಅದರ ದೃಷ್ಟಿಯಲ್ಲಿ ಗ್ರಾಹಕನೇ. ಆದರೆ ದೋಷವಿಲ್ಲದ ಗಾಡಿ ತನ್ನ ದಾರಿಗೆ ಒಗ್ಗದಿದ್ದರೆ ಯಾವ ನ್ಯಾಯಾಲಯವೂ ಅದನ್ನು ಒಗ್ಗಿಸಲಾರದು. ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ.

ಆ ದಿನದ ನಿರಾಶೆಗೆ ಆ ಮನೆ ತೆತ್ತ ಬೆಲೆ ಒಂದು ಲೋಟ ಕಾಫಿ ಮತ್ತು ಟ್ರ್ಯಾಕ್ಟರಿನ ಡೀಸೆಲ್ಲು. ಸಾಲಪತ್ರಕ್ಕೆ ರುಜು ಹಾಕಿದ ಮೇಲೆ, ಆಷಾಢದ ಮಳೆಯಲ್ಲಿ, ಅದೇ ತಿರುವಿನಲ್ಲಿ ಅದೇ ನಿರಾಶೆ ಬಂದಿದ್ದರೆ?

ಸಂಜೆ ತಂದೆ ಒಬ್ಬನೇ ಆ ತಿರುವಿನವರೆಗೆ ನಡೆದು ಬಂದ. ಮಗ ಜಗಲಿಯ ಮೇಲೆ ಕುಳಿತಿದ್ದ.

"ಗಾಡಿಯೊಂದೇ ಸೋತದ್ದಲ್ಲ, ಮಾಣಿ. ಈ ದಾರಿಯನ್ನು ಮೂವತ್ತು ವರ್ಷ ಹೀಗೇ ಬಿಟ್ಟವನು ನಾನು. ತಲೆಹೊರೆಗೆ ಸಾಕಾಗಿತ್ತು, ಜೀಪಿಗೂ ಹೇಗೋ ಸಾಕಾಯಿತು."

"ಹಾಗಾದರೆ ಏನು ಮಾಡುವುದು, ಅಪ್ಪಯ್ಯ?"

"ಧರೆಯ ಬುಡಕ್ಕೆ ಒಂದು ಕಾಲುವೆ. ಎರಡು ಜಾಡಿಗೂ ಕಲ್ಲು. ಮೂಲೆಯನ್ನು ನಾಲ್ಕು ಮಾರು ಅಗಲ ಕಡಿಯಬೇಕು. ಸುಗ್ಗಿ ಮುಗಿಯುವುದರೊಳಗೆ ಆದೀತು. ಆಮೇಲೆ ಅವನನ್ನೇ ಮತ್ತೆ ಕರೆಸು. ಬೇರೆ ಗಾಡಿಯನ್ನೂ ಕರೆಸು. ಏರಿದ್ದನ್ನು ಕೊಳ್ಳೋಣ."

ಆಯುಧಪೂಜೆಯ ದಿನ ಆ ಅಂಗಳದಲ್ಲಿ ಹೊಸ ಗಾಡಿ ನಿಂತಿರಲಿಲ್ಲ. ಅಜ್ಜಿ ಕಟ್ಟಿದ ಚೆಂಡುಹೂವಿನ ಮಾಲೆ ಉದ್ದವಾಗಿತ್ತು. ಅಡಿಕೆ ಸುಲಿಯುವ ಯಂತ್ರಕ್ಕೆ ಒಂದು ಸುತ್ತು, ಕತ್ತಿಗಳಿಗೆ ಒಂದಿಷ್ಟು ಹೂ ಇಟ್ಟ ಮೇಲೂ ಉಳಿಯಿತು. ಉಳಿದದ್ದನ್ನು ಮಗ ಗೋಡೆಗೊರಗಿದ್ದ ಹಾರೆ ಗುದ್ದಲಿಗಳಿಗೆ ಸುತ್ತಿದ. ವಿಜಯದಶಮಿಯ ಮರುದಿನ ಬೆಳಿಗ್ಗೆ, ಹೂ ಬಾಡುವ ಮುನ್ನವೇ, ಅವನ್ನು ಹೆಗಲಿಗೇರಿಸಿ ತಿರುವಿನ ಕಡೆಗೆ ನಡೆದ.